ನಾಲ್ಕು ಬದಿ ಅಳೆದ್ರೆ ಜಾಗ ಅಳೆದಂಗಲ್ಲ

ಸೈಟ್ ನೋಡೋಕೆ ಹೋದೋರು ಟೇಪ್ ಹಿಡ್ಕೊಂಡು ಸುತ್ತ ಅಳೀತಾರೆ, ಮುಂದೆ 30 ಅಡಿ, ಪಕ್ಕ 40, ಹಿಂದೇನೂ 30, ಆ ಪಕ್ಕಾನೂ 40, ಸರಿಯಾಗಿದೆ ಬಿಡಿ ಅಂತ ಅಡ್ವಾನ್ಸ್ ಕೊಟ್ಟು ಬರ್ತಾರೆ. ಟೇಪ್ ಸುಳ್ಳು ಹೇಳಿಲ್ಲ, ಅಳೆದೋರೂ ಸುಳ್ಳು ಹೇಳಿಲ್ಲ, ಆದ್ರೂ ಆ ನಾಲ್ಕು ಅಳತೆಯಿಂದ ಜಾಗ ಎಷ್ಟು ಅಂತ ಹೇಳೋಕೆ ಆಗೋದೇ ಇಲ್ಲ. ಇದನ್ನ ನೆಂಟರಿಗೆ, ಊರವರಿಗೆ, ಫೋನ್ ಮಾಡಿದೋರಿಗೆಲ್ಲ ಹೇಳ್ತಾನೇ ಇರ್ತೀನಿ, ಸರ್ವೆ ಕೆಲಸದಲ್ಲಿ ಇರೋದ್ರಿಂದ ಕೇಳೋರೂ ಜಾಸ್ತಿ, ಅದಕ್ಕೆ ಒಂದ್ಸಲ ಪೂರ್ತಿ ಬರೆದಿಡೋಣ ಅನ್ನಿಸ್ತು.

ಅದೇ 30-40 ಸೈಟ್‌ನ ಒಂದು ಮೂಲೆಯಿಂದ ಎದುರು ಮೂಲೆಗೆ ಅಡ್ಡಡ್ಡ ಅಳೀರಿ, ಅದೇ ಕರ್ಣ. 50 ಅಡಿ ಬಂದ್ರೆ ಮೂಲೆಗಳು ನೇರವಾಗಿವೆ, ಜಾಗ 1200 ಚದರಡಿ. ಬದಿಗಳು ಅಷ್ಟೇ ಇದ್ದು ಕರ್ಣ 40 ಬಂತು ಅನ್ಕೊಳ್ಳಿ, ಅಂದ್ರೆ ಸೈಟ್ ಒಂದು ಕಡೆಗೆ ವಾಲಿದೆ, ಆಗ ಇನ್ನೊಂದು ಕರ್ಣ 58 ಅಡಿ ಮೇಲೆ ಹೋಗುತ್ತೆ, ಜಾಗ ಬರೋದು ಬರೀ 1112 ಚದರಡಿ. 88 ಚದರಡಿ ಕಮ್ಮಿ, ಆದ್ರೆ ನಾಲ್ಕೂ ಬದಿ ಕರೆಕ್ಟು! ಬೆಂಗಳೂರಿನ ಇವತ್ತಿನ ರೇಟಲ್ಲಿ 88 ಚದರಡಿ ಅಂದ್ರೆ ಎಷ್ಟು ದುಡ್ಡು ಅಂತ ನೀವೇ ಲೆಕ್ಕ ಹಾಕ್ಕೊಳ್ಳಿ. ಪಾಯ ಗುರುತು ಹಾಕುವಾಗ ಮೇಸ್ತ್ರಿ ದಾರ ಕಟ್ಟಿ 3-4-5 ಹಿಡೀತಾನಲ್ಲ, ಅವನು ನೋಡ್ತಾ ಇರೋದೂ ಈ ಕರ್ಣವನ್ನೇ.

ಬದಿಗಳು ಒಂದೊಂದು ಒಂದೊಂದು ಥರ ಇದ್ರೆ ಬ್ರೋಕರ್‌ಗಳು ಇನ್ನೊಂದು ಲೆಕ್ಕ ಮಾಡ್ತಾರೆ, ಎದುರುಬದುರು ಬದಿ ಕೂಡಿಸಿ ಅರ್ಧ ಮಾಡಿ, ಉದ್ದದ ಸರಾಸರಿ ಇಂಟು ಅಗಲದ ಸರಾಸರಿ. ಹಳ್ಳಿಲಿ ಹೊಲಕ್ಕೂ ಇದೇ ಲೆಕ್ಕ ನಡೆಯುತ್ತೆ. ಗೊತ್ತಿರಲಿ, ಈ ಲೆಕ್ಕದಲ್ಲಿ ನಿಜವಾದ ಜಾಗಕ್ಕಿಂತ ಕಮ್ಮಿ ಅಂತ ಯಾವತ್ತೂ ಬರಲ್ಲ, ಪಕ್ಕಾ ಆಯತ ಆಗಿದ್ರೆ ಸಮ ಬರುತ್ತೆ, ಒಂಚೂರು ಸೊಟ್ಟ ಇದ್ರೂ ಜಾಸ್ತಿನೇ ತೋರಿಸುತ್ತೆ. ಇದು ಗಣಿತದಲ್ಲಿ ಸಾಬೀತಾಗಿರೋ ವಿಷಯ, ಅಂದಾಜಲ್ಲ. ಹಂಗಾಗಿ ಕೊಳ್ಳೋನಿಗೆ ಪ್ರತಿ ಸಲವೂ ಲುಕ್ಸಾನು.

ತ್ರಿಭುಜ ಮಾತ್ರ ಹಂಗಲ್ಲ. ಮೂರು ಬದಿ ಹೇಳಿದ್ರೆ ಮುಗೀತು, ಅದು ಅಲ್ಲಾಡೋ ಹಂಗೇ ಇಲ್ಲ, ಹೈಸ್ಕೂಲಲ್ಲಿ ಕಲಿತ ಹೆರಾನ್ ಸೂತ್ರ ಹಾಕಿದ್ರೆ ವಿಸ್ತೀರ್ಣ ಬಂತು. ಅದಕ್ಕೇ ಸರ್ವೆ ಅನ್ನೋ ಕೆಲಸ ಪೂರ್ತಿ, ಸರಪಳಿ ಕಾಲದಿಂದ ಸ್ಯಾಟಲೈಟ್ ಕಾಲದವರೆಗೂ, ನೆಲವನ್ನ ತ್ರಿಭುಜ ಮಾಡೋ ಕೆಲಸ ಅಂತಾನೇ ನಾನು ತಿಳ್ಕೊಂಡಿರೋದು. ಇದೊಂದು ತಲೇಲಿ ಕೂತ್ರೆ ಮುಂದಿನ ಪದಗಳೆಲ್ಲ ಸಲೀಸಾಗಿ ಅರ್ಥ ಆಗ್ತವೆ.

ನಮ್ಮ ಹಳೇ ಟಿಪ್ಪಣಿನೇ ತಗೊಳ್ಳಿ. ಟಿಪ್ಪಣಿ ಅಂದ್ರೆ ನಿಮ್ಮ ಸರ್ವೆ ನಂಬರಿನ ಮೂಲ ಅಳತೆ ಚಿತ್ರ. ಹಳೇ ಮೈಸೂರು ಕಡೆ 1860ರ ದಶಕದಲ್ಲಿ ಬಾಂಬೆ ಪದ್ಧತೀಲಿ ಕಂದಾಯ ಸರ್ವೆ ಶುರುವಾದಾಗ 33 ಅಡಿ ಸರಪಳಿ ಬಳಕೆಗೆ ಬಂತು, ಆ ಸರಪಳಿಗೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದ್ರೆ 1089 ಚದರಡಿ, ಅದೇ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಎಷ್ಟು ಚೆನ್ನಾಗಿ ಜೋಡಿಸಿದಾರೆ ನೋಡಿ, ಸರಪಳಿಲಿ ಅಳೆದ ಸಂಖ್ಯೆ ಗುಣಿಸಿದ್ರೆ ನೇರವಾಗಿ ಗುಂಟೆನೇ ಬರುತ್ತೆ. ಟಿಪ್ಪಣಿಲಿ ಗೆರೆ ಮೇಲೆ ಬರೆದಿರೋ ಆಣೆ ಉದ್ದದ ಆಣೆ, ಒಂದಕ್ಕೆ 2 ಅಡಿ ಮುಕ್ಕಾಲು ಇಂಚು. ಪಹಣಿಲಿ ಬರೋ ಆಣೆ ವಿಸ್ತೀರ್ಣದ್ದು, ಗುಂಟೆನ 16ರಲ್ಲಿ ಒಂದು ಭಾಗ, 68 ಚದರಡಿ ಆಗುತ್ತೆ. ಎರಡನ್ನೂ ಕಲಸಬೇಡಿ. ಇಂಗ್ಲೆಂಡಿನ ಎಡ್ಮಂಡ್ ಗಂಟರ್ 1620ರಲ್ಲಿ ಮಾಡಿದ ಸರಪಳಿ ಇದರ ಎರಡರಷ್ಟು, 66 ಅಡಿ, 100 ಲಿಂಕು, ಅದರಲ್ಲಿ 10 ಚದರ ಸರಪಳಿಗೆ ಒಂದು ಎಕರೆ. ಮದ್ರಾಸ್ ಪ್ರಾಂತ್ಯದಲ್ಲಿದ್ದ ಮಂಗಳೂರು ಉಡುಪಿ ಕಡೆಯವರು ಈಗಲೂ ಸೆಂಟ್ಸ್ ಲೆಕ್ಕದಲ್ಲಿ ಮಾತಾಡ್ತಾರಲ್ಲ, ಎಕರೆಗೆ 100 ಸೆಂಟ್ಸು, ನಮ್ಮ ಒಂದು ಗುಂಟೆಗೆ ಎರಡೂವರೆ ಸೆಂಟ್ಸು.

ಇನ್ನು ಟಿಪ್ಪಣಿ ಓದೋದು. ಹೊಲದ ಒಂದು ತುದಿಯಿಂದ ಇನ್ನೊಂದು ತುದಿಗೆ ನಡುವೆ ಒಂದು ಉದ್ದ ಗೆರೆ ಇರುತ್ತೆ, ಬೇಸ್ ಲೈನು. ಆ ಗೆರೆಯಿಂದ ಪಕ್ಕದ ಮೂಲೆಕಲ್ಲುಗಳಿಗೆ ನೇರ ಲಂಬವಾಗಿ ಅಳೆದಿರೋದು ಆಫ್‌ಸೆಟ್. ಲಂಬ ಸರಿಯಾಗಿ ಸಿಗಲಿ ಅಂತ ಕ್ರಾಸ್ ಸ್ಟಾಫ್ ಬಳಸ್ತಾರೆ, ಕೋಲಿನ ತಲೆ ಮೇಲೆ ಪ್ಲಸ್ ಆಕಾರದಲ್ಲಿ ಎರಡು ಸೀಳು ನೋಟ ಇರೋ ಸಲಕರಣೆ ಅದು, ಒಂದು ಸೀಳಲ್ಲಿ ಬೇಸ್ ಲೈನ್ ಕಾಣಬೇಕು, ಇನ್ನೊಂದರಲ್ಲಿ ಕಲ್ಲು ಕಾಣಬೇಕು, ಎರಡೂ ಕಾಣೋ ತನಕ ಗೆರೆ ಮೇಲೆ ಹಿಂದೆ ಮುಂದೆ ಸರೀಬೇಕು. ಉದಾಹರಣೆಗೆ ಬೇಸ್ ಲೈನ್ 10 ಸರಪಳಿ, ಎಡಕ್ಕೆ ಒಂದು ಆಫ್‌ಸೆಟ್ 3 ಸರಪಳಿ, ಬಲಕ್ಕೆ ಒಂದು 5 ಸರಪಳಿ. ಎಡದ ತ್ರಿಭುಜ 10 ಇಂಟು 3 ಅರ್ಧ, 15 ಗುಂಟೆ. ಬಲದ್ದು 10 ಇಂಟು 5 ಅರ್ಧ, 25 ಗುಂಟೆ. ಒಟ್ಟು 40, ಒಂದು ಎಕರೆ ಸರಿಯಾಗಿ! ಕ್ಯಾಲ್ಕುಲೇಟರ್ ಇಲ್ದೆ, ಬಿಸಿಲಲ್ಲಿ ಬದು ಮೇಲೆ ನಿಂತು ಆ ಕಾಲದೋರು ಇದನ್ನ ಮಾಡಿ ಇಟ್ಟಿದಾರೆ, ಇವತ್ತಿಗೂ ಹೊಲ ಅಳೆಯೋಕೆ ನಾವು ಅವರ ಕಾಗದನೇ ಬಿಚ್ಚಿ ನೋಡೋದು. ನನಗೆ ಅವರ ಮೇಲೆ ತುಂಬಾ ಗೌರವ.

ಟಿಪ್ಪಣಿ ಚಿತ್ರ ಸ್ಕೇಲಿಗೆ ಬರೆದಿದ್ದಲ್ಲ ಅನ್ನೋದನ್ನ ಮರೀಬೇಡಿ. ಅದರ ಮೇಲೆ ಸ್ಕೇಲ್ ಇಟ್ಟು ಅಳೆಯೋದು ದಂಡ, ಬರೆದಿರೋ ಸಂಖ್ಯೆ ಮಾತ್ರ ಲೆಕ್ಕಕ್ಕೆ. ಸ್ಕೇಲಿಗೆ ಇರೋದು ಗ್ರಾಮ ನಕಾಶೆ. ಆಕಾರ್‌ಬಂದ್‌ನಲ್ಲಿ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ, ಅದರಲ್ಲಿ ಸಾಗುವಳಿಗೆ ಬಾರದ ಖರಾಬು ಎಷ್ಟು, ಸಾಗುವಳಿಗೆ ಎಷ್ಟು, ಕಂದಾಯ ಎಷ್ಟು ಅಂತ ಇರುತ್ತೆ. ಬಂಡೆ, ಹಾಳು ನೆಲದಂಥದ್ದು ಎ ಖರಾಬು, ದಾರಿ, ಹಳ್ಳ, ಸ್ಮಶಾನ ಅಂತ ಸಾರ್ವಜನಿಕರಿಗೆ ಬಿಟ್ಟಿರೋದು ಬಿ ಖರಾಬು. ಜಮೀನು ತಗೊಳ್ಳೋರು ಪಹಣಿ ಒಂದನ್ನೇ ನೋಡ್ತಾರೆ, ಟಿಪ್ಪಣಿ, ಗ್ರಾಮ ನಕಾಶೆ, ಆಕಾರ್‌ಬಂದ್ ಈ ಮೂರನ್ನೂ ಅದರ ಪಕ್ಕ ಇಟ್ಕೊಂಡು ನೋಡಬೇಕು. ಆಮೇಲೆ ಪಹಣಿಲಿ 2.17 ಅಂತ ಇದ್ರೆ ಅದು ಎರಡು ಎಕರೆ ಹದಿನೇಳು ಗುಂಟೆ, ಡೆಸಿಮಲ್ ಅಲ್ಲ. ಡೆಸಿಮಲ್ಲಲ್ಲಿ ಬರೆದ್ರೆ ಅದು 2.425 ಎಕರೆ ಆಗುತ್ತೆ, ಹೊರಗಿನಿಂದ ಬಂದು ಜಮೀನು ಕೊಳ್ಳೋರು ಎಕ್ಸೆಲ್‌ಗೆ 2.17 ಅಂತಾನೇ ಹಾಕಿ ಎಕರೆ ರೇಟಿಗೆ ಗುಣಿಸಿಬಿಡ್ತಾರೆ, ಅಲ್ಲಿಗೆ ಮಾರೋ ರೈತನಿಗೆ 10 ಗುಂಟೆ ದುಡ್ಡು ಹೋಯ್ತು.

ಸರಿ, ಹೊಸ ಅಳತೆ ಹಳೇ ಅಳತೆಗೆ ಯಾಕೆ ಕೂಡಲ್ಲ? "ನಮ್ದು ನಾಲ್ಕು ಎಕರೆ ಇತ್ತಲ್ಲಪ್ಪ, ಈಗ ಮೂರು ಗುಂಟೆ ಎಲ್ಲೋಯ್ತು" ಅಂತ ಕೇಳ್ತಾರೆ. ಎಲ್ಲ ಸಲವೂ ಪಕ್ಕದೋನು ಒತ್ತಿರಲ್ಲ. ಕಬ್ಬಿಣದ ಸರಪಳಿ ಎಳೆದೂ ಎಳೆದೂ ಕೊಂಡಿ ಸವೆದು ಉದ್ದ ಆಗುತ್ತೆ, 33 ಅಡಿ ಅಂತ ನಾವು ಎಣಿಸ್ತಿರೋದು ನಿಜದಲ್ಲಿ 33 ಅಡಿ 4 ಇಂಚು ಆಗಿದ್ರೆ ಅಳತೆ ನೂರಕ್ಕೆ ಒಂದು ಕಮ್ಮಿ ಬರುತ್ತೆ. ಉದ್ದದಲ್ಲಿ ಒಂದು ಪರ್ಸೆಂಟ್ ಅಂದ್ರೆ ವಿಸ್ತೀರ್ಣದಲ್ಲಿ ಎರಡು ಪರ್ಸೆಂಟ್, ಯಾಕಂದ್ರೆ ಉದ್ದಕ್ಕೂ ಅಗಲಕ್ಕೂ ಎರಡಕ್ಕೂ ಹೊಡೆತ. ನಾಲ್ಕು ಎಕರೆಲಿ ಎರಡು ಪರ್ಸೆಂಟ್ ಅಂದ್ರೆ ಮೂರು ಗುಂಟೆ ಚಿಲ್ರೆ. ಕೊಂಡಿ ಮುರಿದು ಬಗ್ಗಿದ್ರೆ ಸರಪಳಿ ಗಿಡ್ಡ ಆಗಿ ಉಲ್ಟಾ ಆಗುತ್ತೆ, ಇಲ್ಲದ ಜಾಗ ಕಾಗದದಲ್ಲಿ ಜಾಸ್ತಿ ಬರುತ್ತೆ, ಹಳೇ ಅಳತೆ ಹಂಗೆ ಆಗಿದ್ರೆ ಇವತ್ತು ಸರಿಯಾಗಿ ಅಳೆದಾಗ ಕಮ್ಮಿ ಕಾಣುತ್ತೆ.

ಮಲೆನಾಡು ಕಡೆ ಇನ್ನೊಂದು ವಿಷಯ. ಕಾಗದದ ಮೇಲೆ ಬರೋದು ಯಾವಾಗಲೂ ಸಮತಟ್ಟಿನ ಅಳತೆ, ಇಳಿಜಾರಿನ ಮೇಲೆ ಟೇಪ್ ಹಾಸಿ ಅಳೆದಿದ್ದಲ್ಲ. 20 ಡಿಗ್ರಿ ಇಳಿಜಾರಲ್ಲಿ ನೆಲದ ಮೇಲೆ 100 ಮೀಟರ್ ಅಳೆದ್ರೆ ಕಾಗದಕ್ಕೆ ಬರೋದು 94 ಮೀಟರ್. ಇಡೀ ಎಕರೆ ಹಿಂಗೆ ವಾಲಿದ್ರೆ ನೆಲದ ಮೇಲೆ ನಲವತ್ತೆರಡೂವರೆ ಗುಂಟೆ ಇರುತ್ತೆ, ದಾಖಲೇಲಿ 40. ಕಾಫಿ ತೋಟದೋರು ಟೇಪಲ್ಲಿ ತಾವೇ ಅಳೆದು ಎರಡೂವರೆ ಗುಂಟೆ ಸರ್ಕಾರದ ಅಳತೇಲಿ ಬಿಟ್ಟೋಗಿದೆ ಅಂತ ಅನುಮಾನ ಪಡ್ತಾರೆ, ಬಿಟ್ಟೋಗಿಲ್ಲ, ನಿಯಮಾನೇ ಹಂಗೆ. ಟೇಪಲ್ಲೇ ಸರಿಯಾಗಿ ಅಳೀಬೇಕು ಅಂದ್ರೆ ಮೆಟ್ಟಿಲು ಮೆಟ್ಟಿಲಾಗಿ ಇಳೀಬೇಕು, ಟೇಪ್ ಸಮವಾಗಿ ಎಳೆದು ಹಿಡಿದು ತುದಿಯಿಂದ ತೂಗುಗುಂಡು ಬಿಟ್ಟು, ಅದು ಬಿದ್ದ ಜಾಗದಿಂದ ಮುಂದಿನ ಮೆಟ್ಟಿಲು.

ಎತ್ತರದ ಲೆಕ್ಕ ಬೇರೆ, ಅದಕ್ಕೆ ಲೆವೆಲ್ ಮೆಷಿನ್. ಹಳೇದಕ್ಕೆ ಡಂಪಿ ಲೆವೆಲ್ ಅಂತಾರೆ, ಈಗ ಸೈಟಲ್ಲಿ ಕಾಣೋದು ಆಟೋ ಲೆವೆಲ್. ಕಟ್ಟಡದೋರ ರಸಮಟ್ಟ, ನೀರಿನ ಟ್ಯೂಬು ಮಾಡೋ ಕೆಲಸಾನೇ ಇದು ದೂರಕ್ಕೆ ಮಾಡುತ್ತೆ, ದುರ್ಬೀನಿನಲ್ಲಿ ಒಂದು ಪಕ್ಕಾ ಅಡ್ಡ ಗೆರೆ ಸಿಗುತ್ತೆ ಅಷ್ಟೇ. ಎತ್ತರ ಹೇಳೋಕೆ ಮೊದಲು ಬದಲಾಗದ ಒಂದು ಬಿಂದು ಬೇಕು, ಅದು ಬೆಂಚ್ ಮಾರ್ಕ್. ರಸ್ತೆ ಪಕ್ಕದ ಒಂದು ಗಟ್ಟಿ ಕಲ್ಲಿಗೆ 100.000 ಮೀಟರ್ ಅಂತ ಕೊಟ್ವಿ ಅನ್ಕೊಳ್ಳಿ. ಅದರ ಮೇಲೆ ಸ್ಟಾಫ್, ಅಂದ್ರೆ ಅಳತೆ ಗುರುತು ಹಾಕಿದ ಉದ್ದ ಕೋಲು, ನಿಲ್ಲಿಸಿ ದುರ್ಬೀನಲ್ಲಿ ಓದಿದ್ರೆ 1.450 ಬಂತು, ಇದು ಬ್ಯಾಕ್ ಸೈಟ್, ಅಂದ್ರೆ ಮೆಷಿನ್ ಕಣ್ಣು 101.450ರಲ್ಲಿ ಇದೆ. ಈಗ ಸೈಟಿನ ಹಿಂದಿನ ಮೂಲೇಲಿ ಸ್ಟಾಫ್ ಇಟ್ರೆ 2.135, ಇದು ಫೋರ್ ಸೈಟ್, ಕಳೆದ್ರೆ 99.315, ಆ ಕಲ್ಲಿನ ಲೆಕ್ಕದಲ್ಲಿ ಆ ಜಾಗದ ಎತ್ತರ, ಅದೇ ಅದರ ಆರ್‌ಎಲ್. ರಸ್ತೆಗಿಂತ ಆ ಮೂಲೆ 685 ಮಿಲಿಮೀಟರ್ ತಗ್ಗು, ಎರಡೂಕಾಲು ಅಡಿ ಹತ್ರ, ಮಳೆ ಬಂದ್ರೆ ರಸ್ತೆ ನೀರು ಎಲ್ಲಿಗೆ ಬರುತ್ತೆ ಅಂತ ಗೊತ್ತಾಯ್ತಲ್ಲ. ಸ್ಟಾಫಲ್ಲಿ ಸಂಖ್ಯೆ ಜಾಸ್ತಿ ಬಂದ್ರೆ ನೆಲ ತಗ್ಗು ಅನ್ನೋದು ಹೊಸಬರಿಗೆ ಉಲ್ಟಾ ಅನ್ಸುತ್ತೆ, ಮೆಷಿನ್ ಕಣ್ಣು ಅದೇ ಎತ್ತರದಲ್ಲಿ ಇರುತ್ತೆ, ಸ್ಟಾಫ್ ಕೆಳಗಿಳಿದಷ್ಟೂ ಅದರ ಮೇಲಿನ ಭಾಗ ಕಾಣುತ್ತೆ, ಹಿಂಗೆ ಯೋಚಿಸಿದ್ರೆ ಸರಿಹೋಗುತ್ತೆ. ಮೆಷಿನ್‌ನ ಎರಡು ಬಿಂದುಗಳ ನಡುಮಧ್ಯೆ ಇಡೋಕೆ ನೋಡಿ, ಗೆರೆ ಒಂಚೂರು ಮೇಲೆ ಕೆಳಗೆ ಆಗಿದ್ರೂ ಎರಡೂ ಓದಿನಲ್ಲಿ ಒಂದೇ ತಪ್ಪು ಬಂದು ಕಳೆಯುವಾಗ ಹೊರಟೋಗುತ್ತೆ.

ಕೋನ ಅಳೆಯೋದಕ್ಕೆ ಥಿಯೋಡೊಲೈಟ್. ಇದರ ಕಥೇಲಿ ನಮ್ಮ ಬೆಂಗಳೂರಿಗೆ ದೊಡ್ಡ ಜಾಗ ಇದೆ, ಅದನ್ನ ಹೇಳ್ದೆ ಮುಂದಕ್ಕೆ ಹೋಗೋಕೆ ಮನಸ್ಸಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆ ಸರ್ವೆಗೆ ಕಾಲಿನ್ ಮೆಕೆಂಜಿ ಇಳಿದ, ಅದೇ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರು ಹತ್ರ ಒಂದು ಬೇಸ್ ಲೈನ್ ಅಳೆದ. ಆಮೇಲೆ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ರ ಏಳೂವರೆ ಮೈಲಿ ಗೆರೆಯನ್ನ ಉಕ್ಕಿನ ಸರಪಳಿಲಿ ಅಳೆದು ಮಹಾ ತ್ರಿಕೋನಮಿತಿ ಸರ್ವೆ ಶುರುಮಾಡಿದ. ಒಂದು ಗೆರೆ ಮಾತ್ರ ಕೈಯಲ್ಲಿ ಅಳೆಯೋದು, ಅದರ ಎರಡು ತುದಿಯಿಂದ ದೂರದ ಬೆಟ್ಟಕ್ಕೆ ಕೋನ ನೋಡೋದು, ತ್ರಿಭುಜದ ಉಳಿದ ಎರಡು ಬದಿ ಲೆಕ್ಕದಲ್ಲೇ ಬರುತ್ತೆ, ಆ ಬದಿ ಮುಂದಿನ ತ್ರಿಭುಜಕ್ಕೆ ಬೇಸ್. ಹಿಂಗೇ ತ್ರಿಭುಜ ಪೋಣಿಸ್ಕೊಂಡು ಮದ್ರಾಸಿನಿಂದ ಬೆಂಗಳೂರಿಗೆ ಬಂದು, 1804ರಲ್ಲಿ ಇಲ್ಲಿ ಇನ್ನೊಂದು ಬೇಸ್ ಲೈನ್ ಸರಪಳಿ ಹಾಕಿ ಅಳೆದು ತಾಳೆ ನೋಡಿದ್ರು. ಲೆಕ್ಕದಲ್ಲಿ ಬಂದ ಉದ್ದಕ್ಕೂ ಅಳೆದ ಉದ್ದಕ್ಕೂ ಮೈಲಿಗಟ್ಟಲೆ ಗೆರೇಲಿ ವ್ಯತ್ಯಾಸ ಕೆಲವೇ ಇಂಚು! ಅವರ ಥಿಯೋಡೊಲೈಟ್ ಅರ್ಧ ಟನ್ ತೂಕ, 1808ರಲ್ಲಿ ತಂಜಾವೂರಿನ ದೇವಸ್ಥಾನದ ಮೇಲಕ್ಕೆ ಎಳೆಯುವಾಗ ಹಗ್ಗ ಕಿತ್ತು ಜಖಂ ಆಯ್ತು, ಲ್ಯಾಂಬ್ಟನ್ ತಾನೇ ಕೂತು ಅದನ್ನ ರಿಪೇರಿ ಮಾಡಿದ.

ಈಗ ಆ ಅರ್ಧ ಟನ್ ಕೆಲಸಾನ ಒಬ್ಬರು ಹೊತ್ಕೊಂಡು ಹೋಗೋ ಟೋಟಲ್ ಸ್ಟೇಷನ್ ಮಾಡುತ್ತೆ, ಕೋನವನ್ನೂ ದೂರವನ್ನೂ ಒಟ್ಟಿಗೆ. ಮೆಷಿನ್‌ನಿಂದ ಬೆಳಕು ಹೋಗಿ, ಅಳೆಯೋ ಬಿಂದುವಿನಲ್ಲಿ ಕೋಲಿಗೆ ಹಾಕಿ ಹಿಡಿದ ಪ್ರಿಸಂಗೆ (ಬೆಳಕು ವಾಪಸ್ ಕಳಿಸೋ ಗಾಜು) ಬಡಿದು ವಾಪಸ್ ಬರುತ್ತೆ, ಅದರಿಂದ ದೂರ ಸಿಗುತ್ತೆ. ಕೋನದಲ್ಲಿ ಡಿಗ್ರಿನ 60 ಭಾಗ ಮಾಡಿದ್ರೆ ಒಂದು ನಿಮಿಷ, ನಿಮಿಷನ 60 ಭಾಗ ಮಾಡಿದ್ರೆ ಒಂದು ಸೆಕೆಂಡ್. ಒಂದು ನಿಮಿಷ ತಪ್ಪಿದ್ರೆ 100 ಮೀಟರ್ ದೂರದಲ್ಲಿ 29 ಮಿಲಿಮೀಟರ್ ಪಕ್ಕಕ್ಕೆ ಹೋಗುತ್ತೆ, 5 ಸೆಕೆಂಡ್ ಮೆಷಿನ್‌ನಲ್ಲಿ ಎರಡೂವರೆ ಮಿಲಿಮೀಟರ್‌ಗೂ ಕಮ್ಮಿ. ಹಂಗಂತ ಮೆಷಿನ್ ಇಟ್ಟ ತಕ್ಷಣ ಅಳತೆ ಸರಿ ಬರುತ್ತೆ ಅಂತಲ್ಲ. ಸ್ಟ್ಯಾಂಡ್ ನೆಲಕ್ಕೆ ತುಳಿದು ಕೂರಿಸಬೇಕು, ಮೆಷಿನ್ ನಡುಮಧ್ಯ ಬಿಂದುವಿನ ನೆತ್ತಿ ಮೇಲೇ ಇರಬೇಕು, ಬಬಲ್ ನಡುವಿಗೆ ಬರಬೇಕು, ಗೊತ್ತಿರೋ ಇನ್ನೊಂದು ಬಿಂದುವಿಗೆ ಬ್ಯಾಕ್ ಸೈಟ್ ಕೊಟ್ಟು ದಿಕ್ಕು ಹಿಡಿಸಬೇಕು, ದೂರಕ್ಕೆ ತಿದ್ದುಪಡಿ ಕೊಡೋ ಪ್ರಿಸಂನ ಕಾನ್‌ಸ್ಟಂಟ್ ಸರಿಯಾಗಿ ಹಾಕಿರಬೇಕು. ಪ್ರಿಸಂ ಕೋಲು ಹಿಡಿದ ಹುಡುಗ ವಾಲಿಸಿ ನಿಂತಿದ್ರೆ ಲಕ್ಷಗಟ್ಟಲೆ ರೂಪಾಯಿ ಮೆಷಿನ್ ಏನು ಮಾಡೋಕಾಗುತ್ತೆ, ಕೋಲಿನ ಬಬಲ್ ನೋಡೋ ಕೆಲಸ ಅಷ್ಟೇ ಮುಖ್ಯ. ದುರ್ಬೀನು ತಿರುಗಿಸಿ ಎರಡೂ ಫೇಸಲ್ಲಿ ಓದಿ ಸರಾಸರಿ ತೆಗೆದ್ರೆ ಮೆಷಿನ್‌ನ ಒಳಗಿನ ತಪ್ಪು ಬಹುತೇಕ ಹೋಗುತ್ತೆ. ಸುತ್ತು ಹಾಕಿ ಶುರುಮಾಡಿದ ಬಿಂದುವಿಗೇ ವಾಪಸ್ ಬಂದು ಮುಚ್ಚೋದು ಟ್ರಾವರ್ಸ್, ನಾಲ್ಕು ಮೂಲೆಯಾದ್ರೆ ಒಳಕೋನ ಕೂಡಿ 360 ಡಿಗ್ರಿ ಬರಬೇಕು, ಐದು ಮೂಲೆಯಾದ್ರೆ 540. ಸುತ್ತು ಮುಚ್ಚದ ಸರ್ವೆನ ನಾನು ಒಪ್ಪಲ್ಲ, ಎಂಥಾ ಮೆಷಿನ್ ಆದ್ರೂ ಸರಿ.

ಮೊಬೈಲಲ್ಲಿ ದಿಶಾಂಕ್ ಆಪ್ ನೋಡಿ ಬೇಲಿ ಹಾಕೋರು ಜಾಸ್ತಿ ಆಗಿದಾರೆ. ಆಪ್ ತುಂಬಾ ಒಳ್ಳೇದು, ನಿಂತಿರೋ ಜಾಗ ಯಾವ ಸರ್ವೆ ನಂಬರ್ ಅಂತ ತಿಳ್ಕೊಳ್ಳೋಕೆ ನಾನೂ ಬಳಸ್ತೀನಿ. ಆದ್ರೆ ಮೊಬೈಲ್ ಜಿಪಿಎಸ್ ಐದು ಮೀಟರ್ ಆ ಕಡೆ ಈ ಕಡೆ ತೋರಿಸೋದು ಮಾಮೂಲಿ, 100 ಮೀಟರ್ ಬದು ಪೂರ್ತಿ ಐದು ಮೀಟರ್ ಸರಿದ್ರೆ ಹತ್ರತ್ರ ಐದು ಗುಂಟೆ ಆಗುತ್ತೆ, ಅಣ್ಣತಮ್ಮಂದಿರು ಮಾತು ಬಿಡೋಕೆ ಅಷ್ಟು ಸಾಕು. ಸರ್ವೆಯೋರು ತರೋ ರೋವರ್, ಅಂದ್ರೆ ಕೋಲಿನ ಮೇಲಿನ ಸ್ಯಾಟಲೈಟ್ ರಿಸೀವರ್, ಬೇರೆ. ಗೊತ್ತಿರೋ ಬಿಂದುವಿನಲ್ಲಿ ಕೂತಿರೋ ಇನ್ನೊಂದು ರಿಸೀವರ್ ಸ್ಯಾಟಲೈಟ್ ಲೆಕ್ಕದಲ್ಲಿ ಎಷ್ಟು ತಪ್ಪು ಬರ್ತಿದೆ ಅಂತ ಕ್ಷಣಕ್ಷಣಕ್ಕೂ ಇದಕ್ಕೆ ಹೇಳ್ತಾ ಇರುತ್ತೆ, ಹಂಗಾಗಿ ಕೆಲವೇ ಸೆಂಟಿಮೀಟರ್‌ಗೆ ಬರುತ್ತೆ. ತೆಂಗಿನ ತೋಟ, ಅಡಿಕೆ ತೋಟದ ಒಳಗೆ ಆಕಾಶ ಮುಚ್ಚಿರುತ್ತಲ್ಲ, ಅಲ್ಲಿ ರೋವರ್ ಫಿಕ್ಸ್, ಅಂದ್ರೆ ಸೆಂಟಿಮೀಟರ್ ಮಟ್ಟದ ಪಕ್ಕಾ ಜಾಗ, ಕೊಡೋಕೆ ಒದ್ದಾಡುತ್ತೆ, ಬಯಲಲ್ಲಿ ಎರಡು ಬಿಂದು ತಗೊಂಡು ಒಳಗಡೆಗೆ ಟೋಟಲ್ ಸ್ಟೇಷನ್ ಹಾಕೋದೇ ಸರಿ. ಕೋಲಾರದ ಕಡೆ ಕೆಲಸ ಮಾಡೋ ಹುಡುಗರಿಗೆ ಒಂದು ಮಾತು, 78 ಡಿಗ್ರಿ ರೇಖಾಂಶ ದಾಟಿದ್ರೆ ಯುಟಿಎಂ (ಭೂಮಿನ ಪಟ್ಟಿ ಪಟ್ಟಿಯಾಗಿ ಭಾಗ ಮಾಡಿರೋ ನಕಾಶೆ ಪದ್ಧತಿ) ಜೋನ್ 43 ಮುಗಿದು 44 ಬರುತ್ತೆ, ಜೋನ್ ನೋಡ್ಕೊಂಡೇ ಡ್ರಾಯಿಂಗ್ ತೆಗೀರಿ.

ಹದ್ದುಬಸ್ತಿಗೆ, ಅಂದ್ರೆ ಗಡಿ ಅಳೆದು ಗುರುತಿಸೋಕೆ, ಅರ್ಜಿ ಹಾಕಿ ಸರ್ವೆಯರ್ ಬಂದ ದಿನ ಎಲ್ಲರೂ ಕೇಳೋದು "ಸಾರ್, ಎಷ್ಟು ಬಂತು" ಅಂತ. ಅದಕ್ಕೂ ಮೊದಲು ಕೇಳಬೇಕಾಗಿದ್ದು "ಸಾರ್, ಯಾವ ಕಲ್ಲಿಂದ ಹಿಡಿದ್ರಿ" ಅಂತ. ಅಳತೆ ಎಷ್ಟೇ ಕರೆಕ್ಟಾಗಿದ್ರೂ ಶುರುಮಾಡಿದ ಬಾಂದು ಕಲ್ಲು ಯಾರೋ ಉಳುಮೆಲಿ ಸರಿಸಿದ್ದಾಗಿದ್ರೆ ಇಡೀ ಹೊಲ ಅದರ ಜೊತೆ ಸರಿಯುತ್ತೆ. ಹಳೇ ಕಲ್ಲು ಒಂದೇ ಇದ್ರೆ ಸಾಕಾಗಲ್ಲ, ಎರಡು ಮೂರು ಬೇಕು, ಅವುಗಳ ನಡುವಿನ ದೂರ ಟಿಪ್ಪಣಿಗೆ ತಾಳೆ ಆಗಬೇಕು, ನಿಮ್ಮ ನಂಬರಲ್ಲಿ ಸಿಗದಿದ್ರೆ ಪಕ್ಕದ ಸರ್ವೆ ನಂಬರಿಂದಾದ್ರೂ ತರಬೇಕು. ಬಾಜುದಾರರಿಗೆ ನೋಟಿಸ್ ಹೋಗಿರಲಿ, ಅವರೂ ನಿಂತು ನೋಡ್ಲಿ, ಆಮೇಲಿನ ಜಗಳ ಅರ್ಧ ಅಲ್ಲೇ ಮುಗಿಯುತ್ತೆ.

ಕಲ್ಲು ನೆಟ್ಟಾದ ಮೇಲೆ ಇನ್ನೊಂದು ಕೆಲಸ ಇದೆ, ಅದನ್ನ ನೀವೇ ಮಾಡ್ಕೊಳ್ಳಿ. ಪ್ರತಿ ಕಲ್ಲಿನಿಂದ ಅಲ್ಲಾಡದ ಎರಡು ವಸ್ತುಗಳಿಗೆ, ಪಂಪ್‌ಸೆಟ್ ಮನೆ ಮೂಲೆ, ಬಾವಿ ಕಟ್ಟೆ, ಕಲ್ಲುಬಂಡೆ ಮೇಲೆ ಕೊರೆದ ಗುರುತು, ಇಂಥವಕ್ಕೆ ಟೇಪ್ ಹಿಡಿದು ದೂರ ಬರ್ಕೊಳ್ಳಿ, ಸ್ಕೆಚ್ ಕಾಪಿ ಹಿಂದೆನೇ ಬರ್ಕೊಂಡ್ರೆ ಒಳ್ಳೇದು. ಮರ ಬೇಡ, ದಪ್ಪ ಆಗುತ್ತೆ, ಬೀಳುತ್ತೆ. ನಾಳೆ ಜೆಸಿಬಿ ಬಂದು ಕಲ್ಲು ಕಿತ್ತೋದ್ರೂ ಆ ಎರಡು ಜಾಗದಿಂದ ಎರಡು ಟೇಪ್ ಹಿಡಿದು ಎರಡೂ ದೂರ ಸೇರೋ ಕಡೆ ಗೂಟ ಹೊಡೆದ್ರೆ ಕಲ್ಲಿನ ಜಾಗ ಸಿಗುತ್ತೆ. ಎರಡು ವಸ್ತುನೂ ಕಲ್ಲಿನಿಂದ ಒಂದೇ ದಿಕ್ಕಲ್ಲಿ ಇರಬಾರದು, ಒಂದು ಪೂರ್ವಕ್ಕಿದ್ರೆ ಇನ್ನೊಂದು ಉತ್ತರಕ್ಕೋ ದಕ್ಷಿಣಕ್ಕೋ ಇರಲಿ, ಟೇಪುಗಳು ಒಂದಕ್ಕೊಂದು ಲಂಬವಾಗಿ ಕೂಡಿದಷ್ಟೂ ಬಿಂದು ಗಟ್ಟಿಯಾಗಿ ಸಿಗುತ್ತೆ.